ಸೋಯಾ ಮಾತ್ರೆ: ಪರೀಕ್ಷೆ ಹೇಳಿದ್ದೇನು?

ಮಾನ್ಯ ಸಂಪಾದಕರೇ,

ಸೋಯಾ ಮಾತ್ರೆ ನುಂಗಿದರೆ ಸ್ತನ ಕ್ಯಾನ್ಸರ್ ಹತ್ತಿರ ಸುಳಿಯದು ಎಂಬ ಪ್ರಚಾರಕ್ಕೆ ಪ್ರಯೋಗದ ಬೆಂಬಲವಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯ ಹೆಚ್ಚಿದ್ದ ಮಹಿಳೆಯರಿಗೆ 6 ತಿಂಗಳು ದಿನವೂ ಸೋಯಾ ಐಸೊಫ್ಲೇವೋನ್ (ಸೋಯಾದಲ್ಲಿರುವ, ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ಸಸ್ಯ ಸಂಯುಕ್ತಗಳು) ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಆರಂಭದಲ್ಲಿ ಮತ್ತು ಕೊನೆಯಲ್ಲಿ ಸಣ್ಣ ಸೂಜಿಯಿಂದ ಸ್ತನದ ಕೋಶಗಳನ್ನು ತೆಗೆದು, ಎಷ್ಟು ಕೋಶಗಳು ವಿಭಜನೆಯಾಗುತ್ತಿವೆ ಎಂದು ತೋರಿಸುವ ಕೆಐ-67 ಪ್ರೋಟೀನನ್ನು ಅಳೆದರು. ಅದು ಇಳಿಯಲಿಲ್ಲ. ಸೋಯಾ ಪಡೆದವರ ಪೈಕಿ ಮುಟ್ಟು ನಿಲ್ಲದವರಲ್ಲಿ ತುಸು ಏರಿತ್ತು ಕೂಡ.

ಹಾಗೆಂದು ಸೋಯಾ ಕ್ಯಾನ್ಸರ್ ತರುತ್ತದೆ ಎಂದಾಗದು. ಕೆಐ-67 ಬರೀ ಸೂಚಕ. ಋತುಚಕ್ರದ ಉತ್ತರಾರ್ಧದಲ್ಲಿ ಅದು ಸಹಜವಾಗಿಯೇ ಏರುತ್ತದೆ. ಎರಡೂ ಮಾದರಿಗಳನ್ನು ಚಕ್ರದ ಒಂದೇ ಹಂತದಲ್ಲಿ ತೆಗೆಯದಿದ್ದರೆ ಹೋಲಿಕೆಯೇ ಕೆಡುತ್ತದೆ. ಸೂಜಿಯಲ್ಲಿ ಕೋಶಗಳು ಸಾಕಷ್ಟು ಬರದಿದ್ದರೂ ಆ ಮಾದರಿ ವ್ಯರ್ಥ.

ಇನ್ನು ಡಬ್ಬಿಯ ಮೇಲಿನ ಲೇಬಲ್. ‘ಸೋಯಾ ಸಾರ’ದ ತೂಕವನ್ನೇ ಐಸೊಫ್ಲೇವೋನ್ ತೂಕವೆಂದು ಓದಬಾರದು. ಜೆನಿಸ್ಟೀನ್ ಒಂದು ಐಸೊಫ್ಲೇವೋನ್; ಅದಕ್ಕೆ ಸಕ್ಕರೆ ಅಂಟಿದ ರೂಪವೇ ಜೆನಿಸ್ಟಿನ್. ಜೆನಿಸ್ಟಿನ್ 16 ಮಿ.ಗ್ರಾಂ. ಇದ್ದರೆ, ಕರುಳಿನಲ್ಲಿ ಸಕ್ಕರೆ ಕಳಚಿದ ಮೇಲೆ ಉಳಿಯುವ ಜೆನಿಸ್ಟೀನ್ ಸುಮಾರು 10 ಮಿ.ಗ್ರಾಂ. ಮಾತ್ರ. ಜೊತೆಗೆ, ಡೈಡ್ಜೀನ್ ಎಂಬ ಇನ್ನೊಂದು ಐಸೊಫ್ಲೇವೋನನ್ನು ಈಕ್ವಾಲ್ ಎಂಬ ಸಂಯುಕ್ತವಾಗಿ ಬದಲಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಆದ್ದರಿಂದ ಇಂಥ ಅಧ್ಯಯನಗಳಲ್ಲಿ ಮಾತ್ರೆ ಎಣಿಸಿದರೆ ಸಾಲದು, ರಕ್ತದಲ್ಲೋ ಮೂತ್ರದಲ್ಲೋ ಮಟ್ಟ ನೋಡಲೇಬೇಕು.

ಊಟದಲ್ಲಿ ತಿನ್ನುವ ಸೋಯಾಗೆ ಈ ಆತಂಕ ಬೇಡ. ಆದರೆ ಸ್ತನ ಕ್ಯಾನ್ಸರ್‌ಗೆ ಕೊಡುವ, ಕೋಶಗಳ ಈಸ್ಟ್ರೋಜನ್ ಗ್ರಾಹಕಕ್ಕೆ ಅಂಟಿಕೊಳ್ಳುವ ಟ್ಯಾಮೊಕ್ಸಿಫೆನ್ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಸೋಯಾ ಮಾತ್ರೆ ಶುರು ಮಾಡಬೇಡಿ. ಜೆನಿಸ್ಟೀನ್ ಕೂಡ ಅದೇ ಗ್ರಾಹಕಕ್ಕೇ ಅಂಟಿಕೊಳ್ಳುತ್ತದೆ.