ಕತೆ ಬರೆಯೋ ಮಗಳಿಗೆ

ಪುಟ್ಟೀ,

ಭಾನುವಾರ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. ಹಿಂದೆ ಸಾಲಿನಲ್ಲಿ ಯಾರೋ ಕಾಯುತ್ತಿದ್ದರು ಅಂತ ಕಾಣುತ್ತೆ. ನಿನ್ನ ಕತೆಯ ನೋಟ್‌ಬುಕ್ಕು ಹಾಸ್ಟೆಲ್ಲಿನಲ್ಲೆಲ್ಲ ಓಡಾಡಿತಂತೆ. ಎಲ್ಲರೂ ‘ಕವಯಿತ್ರಿ ಬಂದ್ಲು’ ಅಂತ ರೇಗಿಸುತ್ತಾರೆ, ಒಬ್ಬಳಂತೂ ಮಾತೇ ಬಿಟ್ಟಿದ್ದಾಳೆ ಅಂದೆ. ಅದಕ್ಕೇ ಈ ಕಾಗದ.

ರೇಗಿಸೋದನ್ನು ತಲೆಗೆ ಹಚ್ಚಿಕೊಳ್ಳಬೇಡ. ಒಂಬತ್ತನೇ ಕ್ಲಾಸಿನಲ್ಲಿ ಹಾಡೋರನ್ನೂ ಬಿಡಲ್ಲ, ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯೋರನ್ನೂ ಬಿಡಲ್ಲ. ಮೇಡಂ ‘ಎಲ್ಲಿಂದ ಕಾಪಿ ಹೊಡೆದೆ?’ ಅಂದರಂತಲ್ಲ, ಅದನ್ನು ಹೊಗಳಿಕೆ ಅಂದುಕೋ. ಅಮೆರಿಕದ ಟಲ್ಸಾ ಊರಿನ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ‘ದಿ ಔಟ್‌ಸೈಡರ್ಸ್’ ಕಾದಂಬರಿ ಬರೆದಳು. ಅವಳ ಶಾಲೆಯಲ್ಲಿ ದುಡ್ಡಿರೋರ ಮಕ್ಕಳದ್ದೊಂದು ಗುಂಪು, ತಲೆಗೆ ಎಣ್ಣೆ ಬಳಿದುಕೊಂಡು ತಿರುಗೋ ಬಡ ಹುಡುಗರದ್ದೊಂದು ಗುಂಪು. ಇಬ್ಬರಿಗೂ ಆಗುತ್ತಿರಲಿಲ್ಲ. ಆ ಜಗಳವೇ ಕತೆ. 1967ರಲ್ಲಿ ಪುಸ್ತಕ ಬಂದಾಗ ಅವಳಿಗೆ 18. ಅದನ್ನು ಬರೆಯುತ್ತಿದ್ದ ವರ್ಷ ಕತೆ ಬರೆಯೋದನ್ನು ಕಲಿಸೋ ಕ್ಲಾಸಿನಲ್ಲೇ ಅವಳಿಗೆ ಸಿಕ್ಕಿದ್ದು ಡಿ ಗ್ರೇಡು!

ಆದರೆ ಮಾತು ಬಿಟ್ಟವಳ ವಿಷಯ ಬೇರೆ. ನಿನ್ನ ಕತೆಯನ್ನು ನಾನೂ ನಿನ್ನಮ್ಮನೂ ಓದಿದ್ದೇವೆ. ಅದರಲ್ಲೊಬ್ಬಳು ಕಿತ್ತುಹೋದ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡಿರುತ್ತಾಳೆ. ಪ್ರಾರ್ಥನೆಗೆ ನಿಂತಾಗ ಆ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಮರೆಮಾಡುತ್ತಾಳೆ. ಇಡೀ ಕತೆಯಲ್ಲಿ ನನಗೆ ಇಷ್ಟವಾದ ಸಾಲು ಅದೇ. ನೀನು ಅವಳ ಹೆಸರು ಬದಲಿಸಿದೆ, ಊರು ಬದಲಿಸಿದೆ. ಪಿನ್ನನ್ನು ಮಾತ್ರ ಹಾಗೇ ಬಿಟ್ಟೆ. ಅವಳು ಮುಚ್ಚಿಟ್ಟಿದ್ದು ನಿನ್ನ ಕಣ್ಣಿಗೆ ಬಿತ್ತಲ್ಲ, ಬರೆಯೋರಿಗೆ ಅಂಥ ಕಣ್ಣೇ ಬೇಕು. ಆದರೆ ಅದನ್ನು ಇಡೀ ಕ್ಲಾಸು ಓದಿತು, ಅಲ್ವಾ? ಅವಳು ನಾಳೆಯೂ ಅದೇ ಚಪ್ಪಲಿ ಹಾಕಿಕೊಂಡು ಪ್ರಾರ್ಥನೆಗೆ ಬರಬೇಕು.

ಕತೆ ಹರಿದು ಹಾಕು ಅಂತಿಲ್ಲ. ಚಪ್ಪಲಿ ತೆಗೆದು ಛತ್ರಿ ಮಾಡು, ಬ್ಯಾಗಿನ ಜಿಪ್ಪು ಮಾಡು. ಇಲ್ಲವೇ ಆ ಪಿನ್ನನ್ನು ಕತೆ ಹೇಳೋ ಹುಡುಗಿಯ ಚಪ್ಪಲಿಗೇ ಹಾಕು, ಅಂದರೆ ನಿನ್ನದಕ್ಕೆ. ಬರೆದು ನೋಡು, ಆಗ ಆ ಸಾಲು ಅಷ್ಟು ಸಲೀಸಾಗಿ ಬರಲ್ಲ. ಅವಳಿಗೆ ಸಾರಿ ಹೇಳೋದಿದ್ದರೆ ಎಲ್ಲರೆದುರು ಬೇಡ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಇಬ್ಬರೇ ಸಿಕ್ಕಾಗ ಹೇಳು. ತಕ್ಷಣ ಮಾತಾಡದಿದ್ದರೆ ಬಲವಂತ ಮಾಡಬೇಡ.

ಪ್ರತಿಭಾ ಕಾರಂಜಿಯ ಕವನ ವಾಚನಕ್ಕೆ ಹೆಸರು ಕೊಡ್ತೀನಿ ಅಂದಿದ್ದೆ. ಸುಮ್ನೆ ಹಿಂದೆ ಸರಿಯಬೇಡ, ಕೊಡು. ಪಾರ್ಸೆಲ್ಲಿನಲ್ಲಿ ಅಜ್ಜಿಯ ಕೋಡುಬಳೆ, ಒಂದು ಹೊಸ ನೋಟ್‌ಬುಕ್ಕು ಇದೆ. ಇದನ್ನಾದರೂ ಟ್ರಂಕಿನಲ್ಲಿಟ್ಟು ಬೀಗ ಹಾಕು. ಕತೆಯ ಮುಂದಿನ ಭಾಗ ಯಾವಾಗ ಅಂತ ನಿನ್ನಮ್ಮ ದಿನಾ ಕೇಳ್ತಿದ್ದಾಳೆ.

ಇಂತಿ,
ನಿನ್ನ ಅಪ್ಪ