ಕಂಬಿ ಹಿಡಿದು ನಿಂತ ಶನಿವಾರಗಳಿಗೆ

ನಾನು ಇಂಗ್ಲೆಂಡಿಗೆ ಬಂದು 25 ವರ್ಷ ತುಂಬಿತು. ಕಳೆದ ವಾರ ನಾನು ಕೆಲಸ ಮಾಡುವ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಸೇರಿ ಕೇಕ್ ತಂದಿದ್ದರು. ಎರಡು ಮಾತಾಡಿ ಅಂತ ಒತ್ತಾಯ ಮಾಡಿದರು. ಎದ್ದು ನಿಂತೆ, ಗಂಟಲು ಕಟ್ಟಿತು, ಕೂತುಬಿಟ್ಟೆ. ಅವತ್ತು ಹೇಳಬೇಕಿದ್ದ ಧನ್ಯವಾದಗಳನ್ನು ಈಗ ಬರೆಯುತ್ತಿದ್ದೇನೆ, ಮುಖ್ಯವಾಗಿ ಇಲ್ಲಿಯ ಒಂದು ಪುಟ್ಟ ಫುಟ್‌ಬಾಲ್ ಕ್ಲಬ್ಬಿನವರಿಗೆ.

ಇದರಲ್ಲಿ ನಾನು ನೆನೆಯುವ ಜನರಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಓದಿ ಹೇಳುತ್ತೇನೆ ಅಂತ ಮಗಳು ಮಾತು ಕೊಟ್ಟಿದ್ದಾಳೆ. ಆದರೂ ಕನ್ನಡದಲ್ಲೇ ಬರೆಯಬೇಕು. ಇದರಲ್ಲಿ ಅಪ್ಪನ ವಿಷಯ ಇದೆ. ಅಪ್ಪನ ಜೊತೆ ನಾನು ಬೇರೆ ಯಾವ ಭಾಷೆಯಲ್ಲೂ ಮಾತಾಡಿದವನಲ್ಲ.

ಅಪ್ಪ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆ ಆಸ್ಟಿನ್ ಟೌನಿನಲ್ಲಿ. ಆ ಬೀದಿಗಳಲ್ಲಿ ಕ್ರಿಕೆಟ್‌ಗಿಂತ ಫುಟ್‌ಬಾಲ್ ಜಾಸ್ತಿ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳ ಪಂದ್ಯ ಇದ್ದರೆ ಅಪ್ಪ ನನ್ನನ್ನು ಅಶೋಕನಗರದ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗುತ್ತಿದ್ದರು. ಕಡಲೆಕಾಯಿ ಪೊಟ್ಟಣ ಒಂದು, ಪಂದ್ಯ ಒಂದು. ನಮ್ಮಿಬ್ಬರ ಮಾತೆಲ್ಲ ಅಲ್ಲೇ ಆಗುತ್ತಿತ್ತು. ಮನೆಯಲ್ಲಿ ಅವರು ಮಾತಾಡಿದ್ದು ಕಡಿಮೆ.

1990ರ ಜುಲೈ 4. ವಿಶ್ವಕಪ್ ಸೆಮಿಫೈನಲ್, ಟ್ಯೂರಿನ್‌ನಲ್ಲಿ ಇಂಗ್ಲೆಂಡಿಗೂ ಪಶ್ಚಿಮ ಜರ್ಮನಿಗೂ. ನಮಗೆ ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದೂವರೆಗೆ ಶುರು. ಅಮ್ಮ, ತಮ್ಮ ಮಲಗಿದ್ದರು. ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ಊಟದ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ಕೂತರು. ಸದ್ದು ಪೂರಾ ತಗ್ಗಿಸಿದ್ದೆವು. ಆಟ 1-1ಕ್ಕೆ ನಿಂತಿತು. ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡಿನ ಕ್ರಿಸ್ ವಾಡಲ್ ಹೊಡೆದ ಚೆಂಡು ಗೋಲು ಕಂಬಕ್ಕೆ ಬಡಿದು ಹೊರಗೆ ಬಂತು. ಆಮೇಲೆ ಪೆನಾಲ್ಟಿ, ಎರಡೂ ಕಡೆಯವರು ಒಬ್ಬೊಬ್ಬರಾಗಿ ಬಂದು ಗೋಲಿಗೆ ಹೊಡೆಯುವುದು. ಕೊನೆಗೆ ಬಂದದ್ದೂ ಅದೇ ವಾಡಲ್. ಚೆಂಡು ಗೋಲಿನ ಮೇಲಿಂದ ಹಾರಿ ಕತ್ತಲಿಗೆ ಹೋಯಿತು. ಇಂಗ್ಲೆಂಡ್ ಸೋತಿತು.

"ಪಾಪ ಕಣೋ" ಅಂದರು ಅಪ್ಪ. ಜರ್ಮನಿಯ ನಾಯಕ ಮಥಾಯಸ್ ಮೊದಲು ವಾಡಲ್ ಹತ್ತಿರ ಹೋಗಿ ಸಮಾಧಾನ ಮಾಡಿದ್ದು ಪರದೆಯ ಮೇಲೆ ಕಂಡಿತು. ಅಪ್ಪ ಅದನ್ನು ಬೆರಳು ತೋರಿಸಿ ನೋಡು ಅಂದರು. ಆ ರಾತ್ರಿಯ ನಂತರ ಎಷ್ಟೋ ವರ್ಷ, ಯಾವುದೋ ಮಾತಿನ ನಡುವೆ ಇದ್ದಕ್ಕಿದ್ದಂತೆ ಕೇಳುತ್ತಿದ್ದರು, "ಆ ಹುಡುಗ ಆಮೇಲೆ ಏನಾದನೋ?"

ಸಿಕ್ಕ ಸುದ್ದಿಯನ್ನು ನಾನು ಹೇಳುತ್ತಿದ್ದೆ. ಫ್ರಾನ್ಸಿನ ಮಾರ್ಸೇ ತಂಡ ವಾಡಲ್ ಅವರನ್ನು 1989ರಲ್ಲಿ 45 ಲಕ್ಷ ಪೌಂಡ್ ಕೊಟ್ಟು ತೆಗೆದುಕೊಂಡಿತ್ತು. ಅಲ್ಲಿ ಸತತ ಮೂರು ವರ್ಷ ಲೀಗ್ ಗೆದ್ದರು. 1991ರಲ್ಲಿ ಎಸಿ ಮಿಲಾನ್ ತಂಡವನ್ನು ಯುರೋಪಿಯನ್ ಕಪ್‌ನಿಂದ ಹೊರಗೆ ಹಾಕಿದ ಗೋಲು ಅವರದೇ. 1992ರಲ್ಲಿ ಶೆಫೀಲ್ಡ್ ವೆಡ್ನೆಸ್ಡೇಗೆ ಬಂದರು. ಮರುವರ್ಷ ವೆಂಬ್ಲಿಯಲ್ಲಿ 75,000ಕ್ಕೂ ಜಾಸ್ತಿ ಜನರ ಮುಂದೆ, ಅದೇ ಊರಿನ ಶೆಫೀಲ್ಡ್ ಯುನೈಟೆಡ್ ಮೇಲೆ, ಆಟ ಶುರುವಾಗಿ ಸುಮಾರು ಒಂದು ನಿಮಿಷಕ್ಕೇ ದೂರದಿಂದ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಆ ವರ್ಷ ಫುಟ್‌ಬಾಲ್ ಬರಹಗಾರರು ಕೊಡುವ ವರ್ಷದ ಆಟಗಾರ ಪ್ರಶಸ್ತಿ ಅವರಿಗೇ ಸಿಕ್ಕಿತು. ಅಪ್ಪನಿಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಹಳೆಯ ಸಂಗತಿ. ವಾಡಲ್ ಹತ್ತೊಂಬತ್ತರ ವಯಸ್ಸಿನಲ್ಲಿ ಸಾಸೇಜಿಗೆ ಹಾಕುವ ಮಸಾಲೆ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಾ, ಟೌ ಲಾ ಟೌನ್ ಅನ್ನುವ ಪುಟ್ಟ ತಂಡಕ್ಕೆ ಆಡುತ್ತಿದ್ದರು. ನ್ಯೂಕ್ಯಾಸಲ್ ತಂಡ 1980ರಲ್ಲಿ ಬರೀ 1,000 ಪೌಂಡ್ ಕೊಟ್ಟು ಕರೆದುಕೊಂಡಿತು. "ನಮ್ಮ ಥರ ಶಿಫ್ಟ್ ಮಾಡಿದವನು" ಅಂತ ಅಪ್ಪ ಅಕ್ಕಪಕ್ಕದವರಿಗೆಲ್ಲ ಹೇಳಿದ್ದರು.

2000ದ ಸೆಪ್ಟೆಂಬರಿನಲ್ಲಿ ನಾನು ನರ್ಸ್ ಕೆಲಸಕ್ಕೆ ಇಲ್ಲಿಗೆ ಬಂದೆ. ನಾಟಿಂಗ್‌ಹ್ಯಾಮ್‌ಶೈರ್‌ನ ಉತ್ತರದ ಅಂಚಿನಲ್ಲಿ ವರ್ಕ್‌ಸಪ್ ಅಂತ ಊರು. ಕಲ್ಲಿದ್ದಲು ಗಣಿಯ ಊರು. ಪಕ್ಕದ ಮ್ಯಾಂಟನ್ ಗಣಿ 1994ರಲ್ಲೇ ಮುಚ್ಚಿತ್ತು. ನನ್ನ ವಾರ್ಡಿನಲ್ಲಿ ಎದೆಯಲ್ಲಿ ಧೂಳು ಕೂತ ಮುದುಕರು ತುಂಬಾ ಜನ ಇದ್ದರು. ಅವರಲ್ಲಿ ಒಬ್ಬರು, ಆಮ್ಲಜನಕದ ಮಾಸ್ಕ್ ಸರಿಸಿ, ನನಗೆ ಫುಟ್‌ಬಾಲ್ ಗೊತ್ತಾ ಅಂತ ಕೇಳಿದರು. ಗೊತ್ತು ಅಂದೆ. ಹಾಗಾದರೆ ಶನಿವಾರ ಸ್ಯಾಂಡಿ ಲೇನ್ ಮೈದಾನಕ್ಕೆ ಹೋಗು, ಅಲ್ಲಿ ವಾಡಲ್ ಆಡ್ತಾರೆ ಅಂದರು. ಔಷಧಿಯ ಮಂಪರಿನಲ್ಲಿ ಹೇಳುತ್ತಿದ್ದಾರೆ ಅಂದುಕೊಂಡೆ.

ನಿಜವೇ ಆಗಿತ್ತು. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಹಂತಗಳಲ್ಲಿ 92 ಕ್ಲಬ್‌ಗಳಿವೆ. ಅದರ ಕೆಳಗಿನದೆಲ್ಲ ನಾನ್‌ಲೀಗ್. ವರ್ಕ್‌ಸಪ್ ಟೌನ್ ಆಗ ಆರನೇ ಹಂತದಲ್ಲಿ, ನಾರ್ದರ್ನ್ ಪ್ರೀಮಿಯರ್ ಲೀಗ್‌ನಲ್ಲಿತ್ತು. ಆಡುವವರು ವಾರವಿಡೀ ಬೇರೆ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಬರುವವರು. ಟಿಕೆಟ್ ಕೊಡುವವರು, ಹುಲ್ಲು ಕತ್ತರಿಸುವವರು, ಬಲೆ ಕಟ್ಟುವವರು ಎಲ್ಲ ಊರಿನ ಜನ. ಬಹಳಷ್ಟು ಜನ ಸಂಬಳವಿಲ್ಲದೆ ಮಾಡುತ್ತಿದ್ದರು. ಕ್ಲಬ್ ಮಾತ್ರ ತುಂಬಾ ಹಳೆಯದು. 1923ರಲ್ಲಿ, ದೊಡ್ಡ ಚಿಕ್ಕ ಕ್ಲಬ್‌ಗಳೆಲ್ಲ ಆಡುವ ಎಫ್‌ಎ ಕಪ್‌ನಲ್ಲಿ, ಇದೇ ಊರಿನ ಹುಡುಗರು ಲಂಡನ್ನಿಗೆ ಹೋಗಿ ಟಾಟನ್‌ಹ್ಯಾಮ್ ಅನ್ನುವ ದೊಡ್ಡ ತಂಡವನ್ನು 0-0ಗೆ ತಡೆದಿದ್ದರು. ಮರುಪಂದ್ಯದಲ್ಲಿ 9-0 ಸೋತರು. ಮೈದಾನದ ಸುತ್ತಲಿನ ಕಂಬಿ ಹತ್ತಿರ ನಿಂತವರು ಮೊದಲನೆಯದನ್ನು ಹೇಳಿದಷ್ಟೇ ಹೆಮ್ಮೆಯಿಂದ ಎರಡನೆಯದನ್ನೂ ಹೇಳುತ್ತಿದ್ದರು.

ಅಂಥ ಮೈದಾನಕ್ಕೆ ವಾಡಲ್ ಬಂದಿದ್ದರು. ಆಗ ಅವರಿಗೆ ನಲವತ್ತರ ಹತ್ತಿರ. ಇಂಗ್ಲೆಂಡಿಗೆ 62 ಪಂದ್ಯ ಆಡಿದವರು. ಮಧ್ಯೆ ಫಾಲ್ಕರ್ಕ್, ಬ್ರಾಡ್‌ಫರ್ಡ್, ಸಂಡರ್‌ಲ್ಯಾಂಡ್, ಬರ್ನ್ಲಿ, ಟಾರ್ಕಿ ತಂಡಗಳನ್ನೆಲ್ಲ ಮುಗಿಸಿದ್ದರು. ಇನ್ನು ಸಾಕು ಅಂತ ಮನೆಯಲ್ಲಿ ಕೂರಬಹುದಿತ್ತು. 2000ದಿಂದ 2002ರ ತನಕ ಇಲ್ಲಿ ಆಡಿದರು.

ಮೊದಲ ಶನಿವಾರ ನಾನು ಕಂಬಿ ಹಿಡಿದು ನಿಂತಾಗ, ಅವರು ಹತ್ತು ಹೆಜ್ಜೆ ದೂರದಲ್ಲಿ ಚೆಂಡು ತೆಗೆದುಕೊಂಡರು. ಟಿವಿಯಲ್ಲಿ ನೋಡಿದ ಅದೇ ಬಾಗಿದ ಭುಜ. ನೋಡಿದರೆ ಸುಸ್ತಾದವರ ಥರ. ಎದುರಿನ ಹುಡುಗ, ಅವರ ಅರ್ಧ ವಯಸ್ಸಿನವನು, ನುಗ್ಗಿ ಬಂದ. ವಾಡಲ್ ಚೆಂಡು ಮುಟ್ಟಲೇ ಇಲ್ಲ. ಬರೀ ಒಂದು ಭುಜ ಇಳಿಸಿದರು. ಹುಡುಗ ಆ ಕಡೆ ಹೋದ, ಇವರು ಈ ಕಡೆ ನಡೆದರು. ಓಡಲಿಲ್ಲ, ನಡೆದರು! ಆಮೇಲೆ ಎಡಗಾಲಿನಿಂದ ಒಂದು ಪಾಸ್. ದೂರದಲ್ಲಿ ಓಡುತ್ತಿದ್ದ ತನ್ನವನ ಪಾದಕ್ಕೆ, ಕೈಯಿಂದ ಇಟ್ಟ ಹಾಗೆ ಬಿತ್ತು. ಓಡುವ ಕೆಲಸವನ್ನೆಲ್ಲ ಅವರು ಚೆಂಡಿಗೆ ಬಿಟ್ಟಿದ್ದರು. ನೂರಾರು ಜನರ ಮುಂದೆ ಆ ಪಾಸಿಗೆ ಕೊಟ್ಟ ಗಮನ ಮಾರ್ಸೇಯಲ್ಲಿ ಕೊಟ್ಟದ್ದಕ್ಕಿಂತ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಭಾನುವಾರ ಫೋನ್ ಕಾರ್ಡ್ ಉಜ್ಜಿ ಅಪ್ಪನಿಗೆ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಅವನೇನಾ? ನಿಜವಾಗ್ಲೂ ಅವನೇನಾ?" ಅಂದರು. ಅಲ್ಲಿಂದ ಪ್ರತಿ ಭಾನುವಾರ ಅದೇ ಮಾತು. ಚಳಿ ಹೇಗಿದೆ, ಊಟ ಮಾಡಿದೆಯಾ ಅನ್ನುವುದು ಅಮ್ಮನ ಪಾಲು. ಅಪ್ಪನಿಗೆ ಶನಿವಾರದ ವರದಿ ಬೇಕಿತ್ತು. ಮುಂದೆ ನಿಂತು ಆಡಿದನಾ, ನಡುವೆ ಆಡಿದನಾ? ಕಾರ್ನರ್ ಯಾರು ಹೊಡೆದರು? ಹುಡುಗರು ಅವನ ಮಾತು ಕೇಳ್ತಾರಾ? ಕಾರ್ಡಿನ ದುಡ್ಡು ಮುಗಿಯುವ ತನಕ ಕೇಳುತ್ತಿದ್ದರು. ನನ್ನ ಇಪ್ಪತ್ತೇಳು ವರ್ಷದಲ್ಲಿ ಅಪ್ಪ ನನ್ನ ಜೊತೆ ಅಷ್ಟು ಮಾತಾಡಿದ್ದು ಆ ಐದು ತಿಂಗಳಲ್ಲೇ.

2001ರ ಫೆಬ್ರವರಿಯ ಒಂದು ಭಾನುವಾರ ಬೇರೆ ಥರ ಕೇಳಿದರು. "ಅವನು ಆಡುವಾಗ ನಗ್ತಾನೇನೋ?" ನಾನು ಗಮನಿಸಿರಲಿಲ್ಲ. ಈ ಶನಿವಾರ ನೋಡಿ ಹೇಳ್ತೀನಿ ಅಪ್ಪ ಅಂದೆ.

ಗುರುವಾರ ಬೆಳಗಿನ ಜಾವ ತಮ್ಮ ಫೋನ್ ಮಾಡಿದ. ನಿದ್ದೆಯಲ್ಲೇ ಹೋಗಿದ್ದರು.

ನನ್ನ ಪಾಸ್‌ಪೋರ್ಟ್ ವೀಸಾಕ್ಕೆ ಅಂತ ಒಂದು ಕಚೇರಿಗೆ ಹೋಗಿ ವಾರಗಳಾಗಿದ್ದವು. ಅವತ್ತೆಲ್ಲ ಫೋನ್ ಹಿಡಿದು ಕೂತೆ. ವಾಪಸ್ ಸಿಗಲಿಲ್ಲ. ಊರಿಗೆ ಹೋಗಲು ಆಗಲಿಲ್ಲ. ನಾನು ಹಿರಿಯ ಮಗ. ಬೆಂಕಿ ಇಟ್ಟದ್ದು ತಮ್ಮ. ಅವತ್ತಿಂದ ಇವತ್ತಿನ ತನಕ ಅವನು ಒಂದು ಸಲವೂ ನನ್ನನ್ನು ಆ ಬಗ್ಗೆ ಆಡಿಕೊಂಡಿಲ್ಲ. ಮೊದಲ ಧನ್ಯವಾದ ಅವನಿಗೆ. ತಮ್ಮಾ, ನನ್ನ ಪಾಲಿನದನ್ನೂ ನೀನೇ ಹೊತ್ತೆ.

ವಾರ್ಡಿನ ಸಿಸ್ಟರ್‌ಗೆ, ಅಂದರೆ ಹಿರಿಯ ನರ್ಸ್‌ಗೆ, ಎರಡನೆಯದು. ಶನಿವಾರ ನನ್ನ ಡ್ಯೂಟಿ ಇತ್ತು. ಅವರು ಪಟ್ಟಿಯಲ್ಲಿ ನನ್ನ ಹೆಸರು ಹೊಡೆದು, ತಮ್ಮ ಹೆಸರು ಬರೆದು, ಹೊರಗೆ ಕಳಿಸಿದರು. ಹೊರಗೆ ಎಲ್ಲಿಗೆ ಹೋಗಲಿ? ರೂಮಿನಲ್ಲಿ ಗೋಡೆ ಬಿಟ್ಟರೆ ಏನೂ ಇಲ್ಲ. ಕಾಲು ತಾನಾಗಿ ಸ್ಯಾಂಡಿ ಲೇನ್‌ಗೆ ಹೋಯಿತು.

ಆಟ ಶುರುವಾಯಿತು. ಏನೂ ಕಾಣಲಿಲ್ಲ. ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದಲ್ಲಿ ಪ್ರತಿ ವಾರ ನಿಲ್ಲುತ್ತಿದ್ದ ಗಣಿಯ ಮನುಷ್ಯ ಒಂದು ಮಾತೂ ಕೇಳಲಿಲ್ಲ. ಹತ್ತಿರ ಸರಿದು, ಭುಜಕ್ಕೆ ಭುಜ ತಾಗಿಸಿ ನಿಂತ. ಅಷ್ಟೇ. ಅರ್ಧ ಸಮಯದ ತನಕ ಹಾಗೇ ನಿಂತಿದ್ದ. ಆಮೇಲೆ ಹೋಗಿ ಟೀ ತಂದ. ಟೀ ಕೊಡುವ ಅಜ್ಜಿಗೆ ಅವನೇ ಹೇಳಿರಬೇಕು. ನಾನು ದುಡ್ಡು ಕೊಡಲು ಹೋದರೆ ನನ್ನ ಬೆರಳು ಮಡಚಿ, "ಇಟ್ಕೋ ಡಕ್" ಅಂದರು. ಈ ಕಡೆ ಎಲ್ಲರನ್ನೂ ಡಕ್ ಅಂತಾರೆ, ನಾವು ಮಗು, ಕಂದ ಅಂದ ಹಾಗೆ. ಅಲ್ಲಿಗೆ ಬಂದು ಆರನೇ ತಿಂಗಳು. ಆ ಮಾತು ಎಷ್ಟೋ ಸಲ ಕೇಳಿದ್ದೆ. ಅವತ್ತು ಮೊದಲ ಸಲ ನನ್ನನ್ನೇ ಕರೆದದ್ದು ಅನ್ನಿಸಿತು.

ನಿಮ್ಮ ಕಡೆ ಏನು ಮಾಡ್ತೀರಿ ಅಂತ ಅಜ್ಜಿ ಕೇಳಿದರು. ಹನ್ನೊಂದನೇ ದಿನದ ಕಾರ್ಯದ ವಿಷಯ ಹೇಳಿದೆ. ಅಲ್ಲಿಯ ತನಕ ಮಾಂಸ ಮುಟ್ಟಲ್ಲ ಅಂದೆ. ಮುಂದಿನ ಪಂದ್ಯ ಮಂಗಳವಾರ ರಾತ್ರಿ ಇತ್ತು. ಟೀ ಕಿಟಕಿ ಹತ್ತಿರ ಹೋದರೆ, ಮಾಂಸ ತುಂಬಿದ ಪೈ ಅನ್ನುವ ತಿಂಡಿಗಳ ಸಾಲಿನಿಂದ ಬೇರೆ, ಬಿಳಿ ಬಟ್ಟೆ ಮುಚ್ಚಿದ ಒಂದು ತಟ್ಟೆ. ಚೀಸು, ಈರುಳ್ಳಿ ಹಾಕಿದ ಪೈ. ಮನೆಯಲ್ಲಿ ಬೇರೆ ಚಾಕು, ಬೇರೆ ಮಣೆ ಇಟ್ಟು ಮಾಡಿದ್ದೇನೆ ಅಂದರು. ಬೇರೆ ಚಾಕು ಅಂತ ನಾನು ಹೇಳಿರಲೇ ಇಲ್ಲ. ತಾವೇ ಯೋಚನೆ ಮಾಡಿದ್ದರು. ನನ್ನ ಅಪ್ಪನ ಮುಖ ಕಂಡವರಲ್ಲ, ಹೆಸರು ಕೇಳಿದವರಲ್ಲ. ಅಜ್ಜಿ ಹೋಗಿ ಈಗ ಹನ್ನೆರಡು ವರ್ಷ. ಈ ಬರಹದಲ್ಲಿ ಅತಿ ದೊಡ್ಡ ಋಣ ಅವರದು. ಅವರಿಗೆ ಓದಿ ಹೇಳಲಾಗುತ್ತಿಲ್ಲ ಅನ್ನುವುದೇ ನನ್ನ ನೋವು.

ಆ ಭಾನುವಾರಗಳು ಕಷ್ಟವಾಗಿದ್ದವು. ಕೈ ತಾನಾಗಿ ಫೋನ್ ಕಾರ್ಡಿಗೆ ಹೋಗುತ್ತಿತ್ತು. ವರದಿ ಕೇಳುವವರು ಇರಲಿಲ್ಲ. ಅದಕ್ಕೆ ಒಂದು ನೋಟ್‌ಬುಕ್ ತಂದು, ಅಪ್ಪನಿಗೆ ಹೇಳುವ ಹಾಗೇ ಬರೆಯತೊಡಗಿದೆ. ಇವತ್ತು ಗೇನ್ಸ್‌ಬರೋ ತಂಡದವರು ಬಂದಿದ್ದರು ಅಪ್ಪ. ಇವತ್ತು ಮಳೆ. ಇವತ್ತು ಅವರು ಎಡಗಡೆ ಕಾರ್ನರ್ ಹೊಡೆದರು. ವಾಡಲ್ ಅವರು ಆಡಿದ ಎರಡೂ ಸೀಸನ್ ಬರೆದೆ. ಅವರು ಹೋದ ಮೇಲೂ ಬರೆದೆ. ಕ್ಲಬ್ಬಿಗೆ ಮೈದಾನವೇ ಕೈತಪ್ಪಿ ಕೆಲವು ವರ್ಷ ಬೇರೆ ಊರುಗಳಲ್ಲಿ ಆಡಿದಾಗಲೂ, ಗಣಿಯ ಗೆಳೆಯನ ಕಾರಿನಲ್ಲಿ ಹೋಗಿ ನೋಡಿ ಬಂದು ಬರೆದೆ. ಈಗ ಹದಿನಾಲ್ಕು ನೋಟ್‌ಬುಕ್ ಆಗಿವೆ. ಗೆಳೆಯನೇ, ಆ ಕಾರಿಗೆ, ಆ ಭುಜಕ್ಕೆ, ಈ ಇಪ್ಪತ್ತೈದು ವರ್ಷಕ್ಕೆ ಏನು ಹೇಳಲಿ? ನನ್ನ ಮದುವೆಗೆ ಬೆಂಗಳೂರಿಗೆ ಬಂದು, ಅಮ್ಮನ ಕಾಲು ಮುಟ್ಟಿದವನು ನೀನು. ಗೇಟಿನಲ್ಲಿ ನಿಂತವರಿಗೆ, ಮಳೆಯಲ್ಲಿ ಗೆರೆ ಎಳೆದವರಿಗೆ, ಚಿಲ್ಲರೆ ಎಣಿಸಿದವರಿಗೆ, ಎಲ್ಲರಿಗೂ ನನ್ನ ನಮಸ್ಕಾರ.

ವಾಡಲ್ ಅವರೇ, ನಿಮ್ಮನ್ನು ನಾನು ಒಂದು ಸಲವೂ ಮಾತಾಡಿಸಲಿಲ್ಲ. ಎರಡು ವರ್ಷ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಧೈರ್ಯ ಬರಲಿಲ್ಲ. ಟ್ಯೂರಿನ್‌ನ ಆ ಪೆನಾಲ್ಟಿಯ ಬಗ್ಗೆ ಜಗತ್ತೆಲ್ಲ ನಿಮ್ಮನ್ನು ಕೇಳಿರುತ್ತದೆ. ಆಸ್ಟಿನ್ ಟೌನಿನ ಒಬ್ಬ ಫಿಟ್ಟರ್ ಮಾತ್ರ ಹತ್ತು ವರ್ಷ ಬೇರೆ ಚಿಂತೆ ಮಾಡಿದರು, ಆ ಹುಡುಗ ಆಮೇಲೆ ಚೆನ್ನಾಗಿದ್ದಾನಾ ಅಂತ. ನೀವು ಇಲ್ಲಿ ಆಡಲು ಬಾರದೆ ಇದ್ದಿದ್ದರೆ ನನಗೂ ನನ್ನ ಅಪ್ಪನಿಗೂ ಆ ಐದು ತಿಂಗಳ ಮಾತು ಇರುತ್ತಿರಲಿಲ್ಲ. ಕೇವಲ ನೂರಾರು ಜನ ಬಂದಿದ್ದಾರೆ ಅಂತ ನೀವು ಆಟ ಕಡಿಮೆ ಮಾಡಲಿಲ್ಲ. ಆ ನೂರಾರು ಜನರಲ್ಲಿ ನಾನೊಬ್ಬನಿದ್ದೆ. ನಿಮಗೆ ಕೈ ಮುಗಿಯುತ್ತೇನೆ.

ಆ ಮಂಗಳವಾರ ರಾತ್ರಿ, ದೀಪಗಳ ಬೆಳಕಿನಲ್ಲಿ, ಕಣ್ಣು ಒರೆಸಿಕೊಂಡು ಸರಿಯಾಗಿ ನೋಡಿದೆ. ಮನೆಗೆ ಬಂದು ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆದು ಬರೆದ ಸಾಲು ಇದು:

ಹೌದು ಅಪ್ಪ, ನಗ್ತಾರೆ.