ನಾಳೆ ಲಾಂಗ್ ಜಂಪ್ ಅಭ್ಯಾಸ, ಗುದ್ದಲಿ ತನ್ನಿ!

ನಾಳೆ ಬೆಳಿಗ್ಗೆ ಆರೂವರೆಗೆ ಅಜ್ಜರಕಾಡು ಮೈದಾನದಲ್ಲಿ ಸೇರೋಣ. ರಾತ್ರಿ ಮಳೆ ಬಂದರೆ ಮರಳು ಗಟ್ಟಿಯಾಗಿ ಕೂತಿರುತ್ತದೆ, ಮಕ್ಕಳ ಕಾಲು ಉಳುಕುವುದು ಬೇಡ, ಹಾಗಾಗಿ ಇಬ್ಬರು ಅಪ್ಪಂದಿರು ಗುದ್ದಲಿ ಹಿಡಿದುಕೊಂಡು ಸ್ವಲ್ಪ ಬೇಗ ಬನ್ನಿ ಮಾರಾಯ್ರೆ.

ಮೊನ್ನೆ ಒಬ್ಬ ಹುಡುಗ ಎಷ್ಟು ಚೆಂದ ಹಾರಿದ, ಆದರೆ ಬೀಳುವಾಗ ಕೈ ಹಿಂದಕ್ಕೆ ಊರಿಬಿಟ್ಟ. ಅಳತೆ ಆ ಕೈಗುರುತಿನಿಂದಲೇ ಅಲ್ವಾ, ಒಂದು ಅಡಿ ಸುಮ್ನೆ ಹೋಯಿತು! ಹಾರುವ ಮೊದಲು ಕಾಲೂರುವ ಹಲಗೆ ಬರೀ 20 ಸೆಂ.ಮೀ. ಅಗಲ. ಶೂ ತುದಿ ಹಲಗೆಯ ಮುಂದಿನ ಗೆರೆ ದಾಟಿದರೆ ಫೌಲ್, ಅಳತೆ ಆ ಗೆರೆಯಿಂದಲೇ ಆದ್ದರಿಂದ ಹಿಂದಿನಿಂದ ಹಾರಿದರೆ ನಮಗೇ ನಷ್ಟ. ಅದಕ್ಕೇ ನಾಳೆ ಹಾರುವುದಕ್ಕಿಂತ ಓಟದ ಹೆಜ್ಜೆ ಲೆಕ್ಕವೇ ಜಾಸ್ತಿ.

ನಮ್ಮ ದೇಶದ ಲಾಂಗ್ ಜಂಪ್ ಆಟಗಾರ್ತಿ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು 6.70 ಮೀಟರ್ ಹಾರಿ. ಅಷ್ಟು ದೂರಕ್ಕೆ ಮರಳಲ್ಲಿ ಒಂದು ಗೆರೆ ಎಳೆದಿಡುತ್ತೇನೆ, ಮಕ್ಕಳು ನೋಡಲಿ. ಟೇಪ್ ಯಾರ ಹತ್ತಿರ ಉಂಟು?